ಅರವತ್ತೊಂದು ತಿರುವು

ನಳಿನಿಯ ನೋಟ್‌ಬುಕ್ಕನ್ನು ಮೊದಲ ಸಲ ನೋಡಿದ ದಿನವೇ ನನಗೆ ಹೊಟ್ಟೆ ಉರಿಯಿತು. ಇದನ್ನು ಮುಚ್ಚಿಟ್ಟುಕೊಂಡು ಕಥೆ ಹೇಳುವುದು ನನ್ನಿಂದಾಗದು. ಮಗಳ ಶಾಲೆಯ ಹಳೇ ಪುಸ್ತಕ, ಬರೆದ ಹಾಳೆಗಳನ್ನು ಹರಿದು ಬಿಸಾಕಿದ್ದಳು. ಉಳಿದದ್ದರ ತುಂಬ ಐದು ದಿನದ ಪ್ರವಾಸ. ಬೆಳಿಗ್ಗೆ ಆರಕ್ಕೆ ಅಹಮದಾಬಾದ್ ಬಿಡುವುದು, ವಡೋದರಾದ ಆಲ್ಕಾಪುರಿಯಲ್ಲಿ ತಿಂಡಿ, ಸೂರತ್‌ನಲ್ಲಿ ಊಟ, ಆಮೇಲೆ ದಾಂಡಿ, ತೀಥಲ್ ಎಂದು ಕಡಲ ದಂಡೆಯ ಊರುಗಳು, ಅಲ್ಲಿಂದ ತಿರುಗಿ ಡಾಂಗ್ ಜಿಲ್ಲೆಯ ಬೆಟ್ಟದ ನೆತ್ತಿಯ ಹಳ್ಳಿಗಳು. ಯಾವ ಪೆಟ್ರೋಲ್ ಬಂಕಿನ ಶೌಚಾಲಯ ಚೊಕ್ಕಟವಾಗಿದೆ ಎನ್ನುವುದನ್ನೂ ಬಿಟ್ಟಿರಲಿಲ್ಲ. ಯಾರ್ಯಾರಿಗೆ ಫೋನ್ ಮಾಡಿ ತಲೆ ತಿಂದಿದ್ದಳೋ!

ನಾವಿಬ್ಬರೂ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಒಂದೇ ಸೊಸೈಟಿಯವರು. ನಮ್ಮದು ನಾಲ್ಕನೇ ಮಹಡಿ, ಅವರದು ಎರಡನೆಯದು. ನನ್ನ ಗಂಡ ಮಹೇಶ್ ಮತ್ತು ಅವಳ ಗಂಡ ರಾಮಕೃಷ್ಣ ಒಂದೇ ವಿಮಾ ಕಚೇರಿಯಲ್ಲಿದ್ದಾರೆ. ಇಡೀ ಕಟ್ಟಡದಲ್ಲಿ ಕನ್ನಡದವರೆಂದರೆ ಈ ಎರಡೇ ಮನೆ, ಸ್ನೇಹ ಮಾಡದೆ ಗತಿ ಇರಲಿಲ್ಲ. ನಮ್ಮೂರು ಚಿತ್ರದುರ್ಗದಲ್ಲೇ ಇದ್ದಿದ್ದರೆ ಅವಳಂಥವಳ ಜೊತೆ ನಾನು ಮಾತಿಗೂ ನಿಲ್ಲುತ್ತಿರಲಿಲ್ಲವೇನೋ. ಹನ್ನೊಂದು ವರ್ಷದಿಂದ ಇಲ್ಲಿದ್ದಾಳೆ, ತರಕಾರಿಯವನ ಜೊತೆ ಗುಜರಾತಿಯಲ್ಲೇ ಜಗಳವಾಡುತ್ತಾಳೆ. ನಾನು ಬಂದು ಮೂರು ವರ್ಷವಾಯಿತು, ‘ಕೇಮ್ ಛೋ’ ದಾಟಿ ಮುಂದಕ್ಕೆ ಹೋಗಿಲ್ಲ. ಆದರೆ ಕಾರು ಇದ್ದದ್ದು ನಮ್ಮ ಹತ್ತಿರ. ಏಳು ಸೀಟಿನ ಹೊಸ ಕಾರು. ಅವರಿಗೆ ಒಂದು ಸ್ಕೂಟರ್. ತಲೆ ಅವಳದು, ಕಾರು ನಮ್ಮದು ಎಂದು ದೀಪಾವಳಿ ರಜೆಗೆ ಎರಡೂ ಮನೆಯವರು ಹೊರಡುವುದಾಗಿ ಮಾತಾಗಿತ್ತು.

ಈ ಪ್ರವಾಸ ಅವಳಿಗೆ ಬೇಕಾಗಿದ್ದು ಮಗಳಿಗಾಗಿ. ತಾರಾಗೆ ಎಂಟು ವರ್ಷ. ಗಾಡಿ ನಾಲ್ಕು ಸಲ ತಿರುಗಿದರೆ ಸಾಕು, ವಾಂತಿ. ಆ ಭಯಕ್ಕೆ ಮಗುವನ್ನು ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ, ಅವರ ಊರು ತುಮಕೂರಿಗೂ ರೈಲಿನಲ್ಲೇ. ಕಡಲು, ಬೆಟ್ಟ ಎರಡನ್ನೂ ಅದು ಟಿವಿಯಲ್ಲಿ ನೋಡಿದ್ದು. ಹೋದ ವರ್ಷ ಶಾಲೆಯ ಪಿಕ್ನಿಕ್ ದಿನ ಬಸ್ ಹತ್ತಿದ ಮಗುವನ್ನು ಟೀಚರ್ ಕೆಳಗಿಳಿಸಿ ಮನೆಗೆ ಕಳಿಸಿದ್ದರಂತೆ. ಅವತ್ತಿನಿಂದ ನಳಿನಿ ಹಠಕ್ಕೆ ಬಿದ್ದಳು. ಪ್ರತಿ ಭಾನುವಾರ ಬೆಳಿಗ್ಗೆ ಮಾಲ್ ತೆರೆಯುವ ಮುಂಚೆ, ಕಾವಲಿನವನಿಗೆ ಗುಜರಾತಿಯಲ್ಲಿ ಬೆಣ್ಣೆ ಹಚ್ಚಿ, ಗುರುತಿನ ಆಟೋದಲ್ಲಿ ಮಗಳನ್ನು ಕೂರಿಸಿಕೊಂಡು ಪಾರ್ಕಿಂಗ್‌ನ ಸುತ್ತುದಾರಿಯಲ್ಲಿ ಮೇಲಕ್ಕೆ, ಕೆಳಕ್ಕೆ, ಮತ್ತೆ ಮೇಲಕ್ಕೆ. ಈ ಚಪ್ಪಟೆ ಊರಿನಲ್ಲಿ ಘಾಟಿ ಅಂತ ಇರುವುದು ಅದೊಂದೇ. ಮಗು ದೂರಕ್ಕೆ ನೋಡುತ್ತ, ಬಾಯಲ್ಲಿ ಶುಂಠಿ ಇಟ್ಟುಕೊಂಡು, ತಿರುವುಗಳನ್ನು ಎಣಿಸಬೇಕು.

ಬೆಟ್ಟದ ಮೇಲೆ ನಾವು ಉಳಿಯಬೇಕಿದ್ದದ್ದು ಕಾಶಿಬೆನ್ ಎನ್ನುವವಳ ಮನೆಯಲ್ಲಿ. ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಾಳೆ. ದಾರಿಯಲ್ಲಿ ಎಷ್ಟು ತಿರುವು ಅಂತ ನಳಿನಿ ಅವಳನ್ನು ಕೇಳಿದ್ದಳು. ಆ ಪುಣ್ಯಾತ್ಮಗಿತ್ತಿ ಗಂಡನನ್ನು ಬೈಕಿನಲ್ಲಿ ಕಳಿಸಿ ಎಣಿಸಿ ಹೇಳಿದ್ದಳು: ಅರವತ್ತೊಂದು. ಮೊದಲ ಭಾನುವಾರ ತಾರಾ ಐದಕ್ಕೇ ಕಕ್ಕಿಕೊಂಡಿದ್ದಳು. ಅಕ್ಟೋಬರ್ ಹೊತ್ತಿಗೆ ಒಂದು ಬೆಳಿಗ್ಗೆ ಮೆಟ್ಟಿಲಲ್ಲೇ ಕೂಗಿಕೊಂಡು ಬಂದಳು.

“ಆಂಟಿ, ಸಿಕ್ಸ್‌ಟಿ ಒನ್! ಏಕ್ ಬಾರ್ ಭೀ ವಾಂತಿ ಆಗ್ಲಿಲ್ಲ!”

“ಭಲೇ ಪುಟ್ಟಿ,” ಅಂದೆ. ಅನ್ನುವಾಗ ನನ್ನ ಕಣ್ಣ ಮುಂದಿದ್ದದ್ದು ಕಾರಿನ ಸೀಟ್ ಕವರ್. ಕೆನೆ ಬಣ್ಣದ್ದು, ನಾನೇ ಆರಿಸಿ ಹಾಕಿಸಿದ್ದು.

ಅದೊಂದೇ ಆಗಿದ್ದರೆ ಪ್ಲಾಸ್ಟಿಕ್ ಹಾಸಿ ಕರೆದುಕೊಂಡು ಹೋಗುತ್ತಿದ್ದೆನೋ ಏನೋ. ಅವತ್ತು ಸಂಜೆ ಮಹೇಶ್ ನೋಟ್‌ಬುಕ್ ತಿರುವಿ ಹಾಕುತ್ತ, “ನೋಡೇ, ತಲೆ ಅಂದ್ರೆ ಹಿಂಗೆ ಓಡ್ಬೇಕು. ನಿಂಗೆ ನಾಳೆ ಬೆಳಿಗ್ಗೆ ತಿಂಡಿ ಏನು ಅಂತ್ಲೇ ಗೊತ್ತಿರಲ್ಲ,” ಎಂದು ನಕ್ಕರು. ನಗಲಿ. ನಾನು ಆಗಲೇ ತೀರ್ಮಾನ ಮಾಡಿದೆ.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಎರಡನೇ ಮಹಡಿಗೆ ಇಳಿದು ಹೋದೆ. ನಳಿನಿ ಚಕ್ಕುಲಿ ಒತ್ತುತ್ತಿದ್ದಳು, ದಾರಿಗೆ ಅಂತ.

“ಏನು ಹೇಳ್ಲಿ ನಳಿನಿ, ಇವರ ದೊಡ್ಡಪ್ಪನ ಮಗ ಆಲ್ಕಾಪುರೀಲಿ ಗೃಹಪ್ರವೇಶ ಇಟ್ಕೊಂಡ್ಬಿಟ್ಟಿದಾನೆ. ಹೋಗ್ಲೇಬೇಕು. ಪ್ರವಾಸ ಕ್ರಿಸ್‌ಮಸ್ ರಜಕ್ಕೆ ಇಟ್ಕೊಳೋಣ ಕಣೆ.”

ಅವಳ ಕೈ ಚಕ್ಕುಲಿ ಒರಳಿನ ಮೇಲೆ ನಿಂತಿತು. ಸಾಲದು ಎಂದು ನಾನೇ ಇನ್ನೊಂದು ಸೇರಿಸಿದೆ. “ಅದೂ ಅಲ್ದೆ ತಾರಾ ಇನ್ನೂ ರೆಡಿ ಇಲ್ಲ ಅನ್ಸುತ್ತೆ. ಮಾಲಿನ ಪಾರ್ಕಿಂಗೇ ಬೇರೆ, ಘಾಟೀನೇ ಬೇರೆ. ಇನ್ನೂ ಸ್ವಲ್ಪ ಅಭ್ಯಾಸ ಆಗ್ಲಿ.”

ತಾರಾ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ನಾನು ನೋಡಿಯೇ ಹೇಳಿದ್ದು.

“ಹಂಗಾದ್ರೆ ಕಾಶಿಬೆನ್‌ಗೆ ಫೋನ್ ಮಾಡಿ ಈಗ ಬರಲ್ಲ ಅಂತ ಹೇಳ್ಬಿಡ್ತೀನಿ ನಾಗಕ್ಕ. ಪಾಪ, ಕಾಯ್ತಿರ್ತಾರೆ,” ಅಂದಳು ನಳಿನಿ.

“ಅಯ್ಯೋ, ನಿಂಗ್ಯಾಕೆ ಆ ತಾಪತ್ರಯ. ಕೆಡಿಸಿದ್ದು ನಾವು, ನಾವೇ ಹೇಳ್ತೀವಿ. ನೋಟ್‌ಬುಕ್ ಕೊಡು, ಎಲ್ಲ ಕಡೆಗೂ ಇವರೇ ಫೋನ್ ಮಾಡ್ತಾರೆ.”

ಕೊಟ್ಟಳು. ಜೊತೆಗೆ ಒಂದು ಡಬ್ಬಿ ಚಕ್ಕುಲಿಯನ್ನೂ ಕೊಟ್ಟಳು. ದೀಪಾವಳಿ ಬಂತೆಂದರೆ ಈ ರಾಜ್ಯದಲ್ಲಿ ಅರ್ಧ ಜನ ಮನೆಗೆ ಬೀಗ ಜಡಿದು ತಿರುಗಾಟಕ್ಕೆ ಹೊರಡುತ್ತಾರೆ. ಆಗ ಹೊಸದಾಗಿ ಒಂದು ಕೋಣೆ ಸಿಗುವುದು ಸುಳ್ಳು. ನಳಿನಿಯ ಹೆಸರಿನಲ್ಲಿ ಹಿಡಿದಿಟ್ಟ ಕೋಣೆಗಳೇ ನಮಗೆ ಬೇಕಾಗಿದ್ದವು.

ಪ್ರವಾಸ ಚೆನ್ನಾಗಿತ್ತು. ಚೆನ್ನಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳು ಬರೆದ ಕಡೆ ತಿಂದೆವು, ಅವಳು ಬರೆದ ಹೊತ್ತಿಗೆ ತೀಥಲ್‌ನಲ್ಲಿ ನೀರಿಗಿಳಿದೆವು, ದಾರಿಯುದ್ದಕ್ಕೂ ಅವಳ ಚಕ್ಕುಲಿ ಕಡಿದೆವು. ಬೆಟ್ಟದ ಬುಡಕ್ಕೆ ಬಂದಾಗ ಹಿಂದೆ ತಿರುಗಿ ನನ್ನ ಮಗಳು ಮೇದಿನಿಗೆ ಹೇಳಿದೆ. ಅವಳಿಗೆ ಹತ್ತು ವರ್ಷ.

“ಮೇಲಿನ ಮನೇಲಿ ನಿನ್ನ ಹೆಸರು ತಾರಾ. ಗೊತ್ತಾಯ್ತಾ? ಒಂದೇ ದಿನ.”

“ಯಾಕಮ್ಮ?”

“ಹೇಳಿದಷ್ಟು ಕೇಳು.”

ಮಹೇಶ್ ಗೇರ್ ಬದಲಿಸಿ ಬೆಟ್ಟ ಹತ್ತಿಸತೊಡಗಿದರು. ಅವರಿಗೆ ಯಾವಾಗಲೂ ಕೆಲಸ ಆದರೆ ಸಾಕು, ಮಾಡಿದ್ದು ನಾನಾಗಿರಬೇಕು.

ಇಪ್ಪತ್ತೋ ಇಪ್ಪತ್ತೆರಡೋ ತಿರುವಾಗಿತ್ತು, ಮೇದಿನಿ ಕಕ್ಕಿಕೊಂಡಳು. ಮುಖ ಆಚೆ ಮಾಡುವಷ್ಟರಲ್ಲಿ ಕೆನೆ ಬಣ್ಣದ ಕವರ್ ಮೇಲೆಲ್ಲ. ದೇವರು ತೋರಿಸಿದ ಎಂದು ಯಾರೂ ಸಂತೋಷಪಡುವುದು ಬೇಡ. ಮನೆಗೆ ಬಂದು ಒಗೆದೆ, ಕಲೆ ಹೋಯಿತು.

ಕಾಶಿಬೆನ್ ಅಂಗಳದಲ್ಲೇ ಕಾದಿದ್ದಳು. “ಆವೋ ನಳಿನಿಬೆನ್, ಆವೋ!” ಎಂದು ನನ್ನ ಕೈ ಹಿಡಿದುಕೊಂಡಳು. ನಾನು ತಲೆ ಆಡಿಸಿದೆ. ಎರಡನೇ ಕೋಣೆಯವರು ಎಲ್ಲಿ ಅಂತ ಇರಬೇಕು, ಕಾರಿನ ಕಡೆ ಕೈ ತೋರಿಸಿ ಕೇಳಿದಳು. ಬರಲಿಲ್ಲ ಎಂದು ಕೈಯಾಡಿಸಿದೆ. ಫೋನಿನಲ್ಲಿ ಅಷ್ಟು ಚೆಂದ ಗುಜರಾತಿ ಆಡಿದವಳು ಈಗ ಯಾಕೆ ಮೂಗಿ ಎಂದು ಅವಳು ಬೆರಗಾಗಿ ನೋಡಿದಳು. ಗಂಟಲು ಮುಟ್ಟಿ ತೋರಿಸಿ, ಕೆಮ್ಮಿದೆ. ಅಷ್ಟರಲ್ಲಿ ಬಾಡಿದ ಮುಖದ ಮೇದಿನಿ ಇಳಿದಳು. ಅವಳ ಫ್ರಾಕಿನ ಮೇಲಿನ ವಾಂತಿ ಕಲೆ ನೋಡಿದ ಕೂಡಲೇ ಕಾಶಿಬೆನ್‌ಗೆ ಇದ್ದ ಅನುಮಾನವೆಲ್ಲ ಹೋಯಿತು.

“ಅರೆರೇ, ತಾರಾ ಬೇಟಾ!” ಎಂದು ತಬ್ಬಿಕೊಂಡಳು. ಒಳಗಿಂದ ಶುಂಠಿ, ನಿಂಬೆಹಣ್ಣು, ಒದ್ದೆ ಬಟ್ಟೆ ಎಲ್ಲ ಒಂದು ತಟ್ಟೆಯಲ್ಲಿ ಬಂತು. ಮೊದಲೇ ಸಿದ್ಧ ಮಾಡಿಟ್ಟಿದ್ದಳು.

ಆಮೇಲೆ ಊಟಕ್ಕೆ ಕೂತೆವು. ಆ ಬೆಟ್ಟದಲ್ಲಿ ರಾಗಿ ಬೆಳೆಯುತ್ತಾರೆ, ನಾಗ್ಲಿ ಅನ್ನುತ್ತಾರೆ, ರೊಟ್ಟಿ ಮಾಡುತ್ತಾರೆ. ನಮ್ಮ ತಟ್ಟೆಗೆ ಬಿದ್ದದ್ದು ಮುದ್ದೆ. ಒಂದು ಕಡೆ ಗಂಟು, ಒಂದು ಕಡೆ ನೀರು, ಆದರೂ ಮುದ್ದೆ. ರಾತ್ರಿ ನೋಟ್‌ಬುಕ್ ತಿರುವಿದಾಗ ಗೊತ್ತಾಯಿತು, ನಳಿನಿ ಫೋನಿನಲ್ಲೇ ಹೇಳಿಕೊಟ್ಟಿದ್ದಳು, ಬೆಟ್ಟ ಹತ್ತಿ ಬಂದ ದಿನ ಮಗಳು ಊರಿನ ಊಟ ಉಣ್ಣಲಿ ಎಂದು. ಮೇದಿನಿ ಎರಡು ಮುದ್ದೆ ತಿಂದಳು. ಕಾಶಿಬೆನ್ ಅವಳ ಕೂದಲಿಗೆ ಅಬ್ಬಲಿಗೆ ಮುಡಿಸಿ, ಫೋನು ತೆಗೆದು, ತಿನ್ನುತ್ತಿದ್ದ ಹಾಗೇ ಒಂದು ಫೋಟೋ ಹೊಡೆದಳು. ನಾನು ಅದರ ಬಗ್ಗೆ ಯೋಚಿಸಲೇ ಇಲ್ಲ. ಅವಳ ಹತ್ತಿರ ಇದ್ದ ನಂಬರ್ ಯಾರದು ಎಂದು ಆಗಲೇ ಹೊಳೆಯಬೇಕಿತ್ತು.

ವಾಪಸು ಬಂದ ಮರುದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ನಳಿನಿ ನಿಂತಿದ್ದಳು, ಪಕ್ಕದಲ್ಲಿ ತಾರಾ.

“ಗೃಹಪ್ರವೇಶ ಚೆನ್ನಾಗಾಯ್ತಾ ನಾಗಕ್ಕ?”

“ಹೂಂ ಕಣೆ, ಊಟ ಎಲ್ಲ ಚೆನ್ನಾಗಿತ್ತು.”

ಅವಳು ಫೋನು ಮುಂದೆ ಹಿಡಿದಳು. ಫೋಟೋದಲ್ಲಿ ಮೇದಿನಿ, ಕೈಯಲ್ಲಿ ಮುದ್ದೆ. ಅದರ ಕೆಳಗಿದ್ದ ದನಿಸಂದೇಶವನ್ನು ಒತ್ತಿದಳು. ಕಾಶಿಬೆನ್ ನಗುನಗುತ್ತ ಏನೋ ಹೇಳಿದಳು, ನಡುವೆ ನಾಲ್ಕು ಸಲ ತಾರಾ, ತಾರಾ. ಮುಗಿದ ಮೇಲೆ ನಳಿನಿ ಕನ್ನಡದಲ್ಲಿ ಒಂದೊಂದೇ ಮಾತಾಗಿ ಹೇಳಿದಳು, ನನಗೆ ಅರ್ಥವಾಗಲಿ ಎಂದು.

“ಕ್ಷೇಮವಾಗಿ ಮನೆ ಸೇರಿದ್ರಾ ಅಂತ ಕೇಳ್ತಿದಾರೆ. ನಿಮ್ಮ ತಾರಾ ಪಾಪ ದಾರೀಲಿ ವಾಂತಿ ಮಾಡ್ಕೊಂಡ್ಳು, ಅಷ್ಟು ತಿಂಗಳು ಕಷ್ಟಪಟ್ಟಿದ್ದು ದಂಡವಾಯ್ತಲ್ಲ, ಆದ್ರೂ ಬೇಜಾರು ಮಾಡ್ಕೋಬೇಡಿ, ಮುದ್ದೆ ಚೆನ್ನಾಗಿ ತಿಂದ್ಳು ಅಂತಿದಾರೆ.”

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತು ಬಿಸಾಡುತ್ತಿದ್ದೆ, ನನಗೂ ಬಾಯಿದೆ. ಅವಳು ಬೈಯಲಿಲ್ಲ. “ನನ್ನ ಪುಸ್ತಕ ಕೊಡಿ,” ಅಂದಳು ಅಷ್ಟೇ. ತಂದು ಕೊಟ್ಟೆ. ಹಾಳೆಗಳ ನಡುವಿಂದ ತೀಥಲ್‌ನ ಕಪ್ಪು ಮರಳು ಉದುರಿತು.

ತಾರಾ ಹೋಗಲು ಒಪ್ಪಲಿಲ್ಲ. ನನ್ನ ನೈಟಿಯ ಅಂಚು ಹಿಡಿದುಕೊಂಡಳು. ಅತ್ತು ಕಣ್ಣು ಊದಿಕೊಂಡಿತ್ತು. ನನ್ನನ್ನು ಯಾಕೆ ಬಿಟ್ಟು ಹೋದಿರಿ ಎಂದು ಕೇಳುತ್ತಾಳೆ, ಅದಕ್ಕೊಂದು ಉತ್ತರ ಹುಡುಕುತ್ತಿದ್ದೆ. ಅದನ್ನು ಅವಳು ಕೇಳಲೇ ಇಲ್ಲ.

“ಆಂಟಿ, ವಾಂತಿ ನಾನು ಮಾಡ್ಲಿಲ್ಲ,” ಅಂದಳು. “ಮೈ ತೋ ಗಯೀ ಹೀ ನಹೀ, ನಾನು ಬರ್ಲೇ ಇಲ್ವಲ್ಲ. ನಂಗೆ ಸಿಕ್ಸ್‌ಟಿ ಒನ್ ಬರುತ್ತೆ. ನೀವು ಆ ಆಂಟಿಗೆ ಫೋನ್ ಮಾಡಿ ಹೇಳಿ. ತಾರಾ ವಾಂತಿ ಮಾಡಲ್ಲ ಅಂತ ಹೇಳಿ. ಪ್ಲೀಸ್ ಆಂಟಿ.”

ನಳಿನಿ ಮಗಳನ್ನು ಕರೆಯಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಳು.

“ನಂಗೆ ಗುಜರಾತಿ ಬರಲ್ಲ ಪುಟ್ಟಿ,” ಅಂದೆ.

“ನಂಗ್ ಬರುತ್ತೆ ಅಮ್ಮ,” ಎಂದಳು ಹಿಂದಿನಿಂದ ಮೇದಿನಿ. ಶಾಲೆಯಲ್ಲಿ ಕಲಿಯುತ್ತಾಳೆ. “ನಾನೇ ಹೇಳ್ತೀನಿ. ಫೋನ್ ಕೊಡಿ ಆಂಟಿ.”

“ನೀನು ಒಳಗೆ ನಡಿ,” ಎಂದು ಅವಳ ತೋಳು ಹಿಡಿದು ದೂಡಿದೆ. ಆಮೇಲೆ ತಾರಾಳ ಬೆರಳುಗಳನ್ನು ಒಂದೊಂದಾಗಿ ನನ್ನ ನೈಟಿಯಿಂದ ಬಿಡಿಸಿ, ಬಾಗಿಲು ಹಾಕಿಕೊಂಡೆ.