ಸೊಂಟದ ನುಡಿ ಮೂರು ಸಲ

ಎಣ್ಣೆಯಮ್ಮನ ಕೈಯಲ್ಲಿ ಗಡಿಯಾರ ಇರಲಿಲ್ಲ. ಇದ್ದರೂ ನಿಲ್ಲುತ್ತಿರಲಿಲ್ಲ. ಮೂವತ್ತೈದು ವರ್ಷ ಬಾಣಂತಿಯರ ಮೈಗೆ ಎಣ್ಣೆ ತಿಕ್ಕಿದ ಆ ಮಣಿಕಟ್ಟಿನಿಂದ ಬಳೆಯೇ ಜಾರಿ ಹೋಗುತ್ತಿತ್ತು, ಇನ್ನು ಗಡಿಯಾರದ ಪಾಡೇನು! ಅವಳಿಗೆ ಹೊತ್ತು ತಿಳಿಯುತ್ತಿದ್ದದ್ದು ಹಾಡಿನಿಂದ. ಅಜ್ಜಿಯ ಬಾಯಿಂದ ಅವಳ ಬಾಯಿಗೆ ಬಂದ ಇಪ್ಪತ್ತೊಂದು ನುಡಿಯ ಹಾಡು. ಬೇರು ಹಾಕಿ ಕುದಿಸಿ ಸೋಸಿಟ್ಟ ಎಳ್ಳೆಣ್ಣೆ ಒಲೆಯ ಮೇಲೆ ಬೆಚ್ಚಗಾಗಲು ಎರಡು ನುಡಿ. ಒಂದೊಂದು ಕಾಲಿಗೆ ಮೂರು ನುಡಿ. ಸೊಂಟಕ್ಕೆ ಒಂದೇ, ಆದರೆ ಅದು ಉದ್ದದ್ದು. ಕೊನೆಯ ನುಡಿ ಮುಗಿಯುವ ಹೊತ್ತಿಗೆ ಬಚ್ಚಲಿನ ನೀರು ಹದಕ್ಕೆ ಬಂದಿರಬೇಕು, ಬಾಣಂತಿಯ ಕಣ್ಣು ಅರ್ಧ ಮುಚ್ಚಿರಬೇಕು.

"ಹೆತ್ತ ಮೈ ಅಂದ್ರೆ ಬಾಡಿಗೆಯವರು ಖಾಲಿ ಮಾಡಿ ಹೋದ ಮನೆ ಇದ್ದ ಹಾಗೆ," ಎನ್ನುತ್ತಿದ್ದಳು. "ಬಾಗಿಲು ಕಿಟಕಿ ಎಲ್ಲ ತೆರೆದೇ ಇರುತ್ತೆ. ವಾಯು ನುಗ್ಗೋ ಮೊದಲು ಒಂದೊಂದೇ ಮುಚ್ಚಬೇಕು. ಮುಚ್ಚೋದು ಎಣ್ಣೆ, ಅಗುಳಿ ಹಾಕೋದು ಬಿಸಿನೀರು."

"ಹಾಡು?" ಎಂದು ಯಾರಾದರೂ ಕೇಳಿದರೆ, "ಬಾಯಲ್ಲಿ ದೇವರಿಲ್ಲದೆ ಮುಟ್ಟಿದ್ರೆ ಅದು ಹಿಟ್ಟು ನಾದಿದ ಹಾಗೆ. ನಾನು ಅಡುಗೆಯವಳಲ್ಲ" ಎಂದು ಮುಖ ತಿರುಗಿಸುತ್ತಿದ್ದಳು.

ಈ ಸಲ ಅವಳ ಪಾಲಿಗೆ ಬಂದ ಬಾಣಂತಿ ನ್ಯಾಯಾಲಯದಲ್ಲಿ ಸ್ಟೆನೋ. ಮೂರನೆಯ ಮಹಡಿಯ ಮನೆ, ಚೊಚ್ಚಲು, ಹೆಣ್ಣು ಕೂಸು. ಗಂಡ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಅತ್ತೆ ಇಡೀ ಮನೆಯನ್ನು ಕಣ್ಣಲ್ಲೇ ನಡೆಸುವವಳು. ಸ್ಟೆನೋ ಚಾಪೆಯ ಮೇಲೆ ಬೋರಲು ಮಲಗಿ ಎರಡನೆಯ ನುಡಿಗೇ ಕಣ್ಣು ಮುಚ್ಚಿಬಿಡುತ್ತಿದ್ದಳು. ಆದರೆ ಅವಳ ಬೆರಳುಗಳು ಮಾತ್ರ ಚಾಪೆಯ ಮೇಲೆ ಪಟಪಟ ಆಡುತ್ತಲೇ ಇದ್ದವು. 'ಅಯ್ಯೋ, ಬೆರಳಿಗೇ ವಾಯು ಹೊಕ್ಕಿದೆ' ಎಂದು ಎಣ್ಣೆಯಮ್ಮ ಮರುಗಿದಳು. ಹದಿನೆಂಟು ದಿನದಿಂದ ಆ ಹತ್ತು ಬೆರಳನ್ನು ಒಂದೊಂದಾಗಿ ನೀವಿ, ಎಳೆದು, ಲಟಿಕೆ ಮುರಿದು, ಮತ್ತೆ ನೀವಿದಳು. ವಾಯು ಜಗ್ಗಲಿಲ್ಲ. ಹಾಡು ಶುರುವಾದರೆ ಬೆರಳೂ ಶುರು.

ಹತ್ತೊಂಬತ್ತನೆಯ ದಿನ ಬೆಳಗ್ಗೆ ಎಣ್ಣೆಯಮ್ಮ ಮೆಟ್ಟಿಲು ಹತ್ತಿ ಬಂದು, "ನೀರಿಟ್ಟಿದ್ದೀರಾ ಅಮ್ಮಾ?" ಎಂದು ಕೇಳಲು ಬಾಯಿ ತೆರೆದಳು. ತೂತು ಬಿದ್ದ ತಿದಿ ಒತ್ತಿದ ಹಾಗೆ ಬರೀ ಗಾಳಿ ಬಂತು.

ಕಾರಣ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ತಣ್ಣೀರು ಮುಟ್ಟಬೇಡ, ತಂಗಾಳಿಗೆ ನಿಲ್ಲಬೇಡ, ಓಮದ ನೀರು ಬಿಟ್ಟು ಬೇರೇನೂ ಕುಡಿಯಬೇಡ ಎಂದು ಊರಿನ ಬಾಣಂತಿಯರಿಗೆಲ್ಲ ಅಪ್ಪಣೆ ಕೊಡುವ ಎಣ್ಣೆಯಮ್ಮ, ನಿನ್ನೆ ಮಧ್ಯಾಹ್ನ ಬೀದಿ ತಿರುವಿನಲ್ಲಿ ಆ ಕಡೆ ಈ ಕಡೆ ನೋಡಿ ಒಂದು ಐಸ್ ಕ್ಯಾಂಡಿ ತಿಂದಿದ್ದಳು. ಒಂದು ಅನ್ನುವುದು ಸುಳ್ಳು, ಎರಡು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಆ ಗಾದೆ ಕಟ್ಟಿದವನು ತನ್ನನ್ನೇ ನೋಡಿ ಕಟ್ಟಿದನೇನೋ ಎನ್ನಿಸಿತು.

ಆಗಲಿ, ಮನಸ್ಸಿನಲ್ಲೇ ಹಾಡಿಕೊಂಡರಾಯಿತು, ದೇವರಿಗೇನು ಕಿವುಡೇ ಎಂದುಕೊಂಡು ಎಣ್ಣೆಯ ಬಟ್ಟಲನ್ನು ಒಲೆಗಿಟ್ಟಳು. ಆದರೆ ಮನಸ್ಸಿನ ಹಾಡಿಗೆ ಬೇಲಿ ಇಲ್ಲ. ಮೊದಲ ನುಡಿ ಅರ್ಧವಾಗುವಷ್ಟರಲ್ಲಿ ಐಸ್ ಕ್ಯಾಂಡಿಯ ನೆನಪು ಬಂತು, ಅದರ ಹಿಂದೆ ಅದನ್ನು ಮಾರಿದವನ ಟೋಪಿ, ಟೋಪಿಯ ಹಿಂದೆ ತನ್ನ ಮನೆಯ ಸೋರುವ ನಲ್ಲಿ. ಎಚ್ಚರಾದಾಗ ಬಟ್ಟಲಿನಿಂದ ಹೊಗೆ ಏಳುತ್ತಿತ್ತು.

ಅತ್ತೆಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದರು.

"ಏನಮ್ಮ ಇದು, ಒಗ್ಗರಣೆ ಹಾಕ್ತಿದ್ದೀಯಾ? ನನ್ನ ಸೊಸೇನ ಎಣ್ಣೆ ಹಚ್ಚೋಕೆ ಕೊಟ್ಟಿದ್ದು, ಕರಿಯೋಕಲ್ಲ!"

ಎಣ್ಣೆಯಮ್ಮ ಗಂಟಲು ತೋರಿಸಿ ಕೈ ಆಡಿಸಿದಳು.

"ಧ್ವನಿ ಹೋಯ್ತಾ? ಧ್ವನಿ ಹೋದ್ರೆ ಎಣ್ಣೆ ಯಾಕೆ ಸೀಯಬೇಕು? ನೋಡು, ಬೇಜಾರು ಮಾಡ್ಕೋಬೇಡ. ಹಿಂದಿನ ಬೀದಿಗೆ ಒಬ್ಬಳು ಬರ್ತಾಳಂತೆ. ಫೋನಲ್ಲಿ ಗಂಟೆ ಇಟ್ಕೊಂಡು ಮಾಡ್ತಾಳಂತೆ. ಟಣ್ ಅಂದ್ರೆ ಕಾಲು, ಟಣ್ ಅಂದ್ರೆ ಬೆನ್ನು. ಇವತ್ತು ಸರಿಯಾಗಿ ಆಗದಿದ್ರೆ ನಾಳೆಯಿಂದ ಅವಳಿಗೇ ಹೇಳಿಬಿಡ್ತೀನಿ."

ಎಣ್ಣೆಯಮ್ಮ ಸೀದ ಎಣ್ಣೆಯ ಬಟ್ಟಲನ್ನು ಒಲೆಯಿಂದ ಇಳಿಸಿದಳು. ಒಂದು ಮನೆ ಹೋದರೆ ಹೋಗಲಿ. ಆದರೆ ಈ ಅತ್ತೆಮ್ಮನ ಬಾಯಿಂದ ಹೊರಟ ಮಾತು ಸಂಜೆಯೊಳಗೆ ಏಳು ಬೀದಿ ಸುತ್ತಿ ಬರುತ್ತದೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ತನ್ನ ಕೈಗೆ ನಿಜವಾಗಿ ಏನಾದರೂ ಗೊತ್ತಿದೆಯೇ? ಇಷ್ಟು ವರ್ಷ ಕೆಲಸ ಮಾಡಿದ್ದು ಹಾಡೋ, ಕೈಯೋ?

ಅಷ್ಟರಲ್ಲಿ ಹರಾಜಿನವನು ಮಂಡಿಯಿಂದ ಬಂದ. ವಿಷಯ ತಿಳಿದು ಎದೆ ತಟ್ಟಿಕೊಂಡ.

"ಧ್ವನಿ ತಾನೇ ಬೇಕಾಗಿರೋದು? ನನ್ನ ಹತ್ರ ಇರೋದೇ ಅದು! ಎಣ್ಣೆಯಮ್ಮ, ನೀವು ಬಾಗಿಲ ಸಂದಿಯಿಂದ ಒಂದೊಂದು ಸಾಲು ಪಿಸುಗುಟ್ಟಿ. ನಾನು ಹೊರಗೆ ನಿಂತು ಹಾಡ್ತೀನಿ."

ಹೊಸ ಎಣ್ಣೆ ಬೆಚ್ಚಗಾಯಿತು. ಸ್ಟೆನೋ ಚಾಪೆಯ ಮೇಲೆ ಮಲಗಿದಳು. ಎಣ್ಣೆಯಮ್ಮ ಸಂದಿಗೆ ಬಾಯಿಟ್ಟು ಕಾಲಿನ ಮೊದಲ ನುಡಿ ಉಸುರಿ ಬಂದು, ಹಿಮ್ಮಡಿಗೆ ಕೈ ಹಾಕಿದಳು.

ನಡೆಸಿದ ಕಾಲಿಗೆ ನೆಲವಾದೆ ನನ್ನೊಡೆಯ
ಪಡೆದೊಡಲಿಗೆ ನೀನೆ ನೆಳಲಾದೆ, ನಿನ ನೆನೆದು
ಹಿಡಿದುಜ್ಜಿ ಬೇಡ್ವೆ ಹಿಮ್ಮಡಿಯ.

ಹೊರಗಿನಿಂದ ಬಂದದ್ದು ಹೀಗೆ: "ನಡೆಸಿದ ಕಾಲಿಗೆ ನೆಲ ನೆಲ ನೆಲ, ಪಡೆದೊಡಲಿಗೆ ನೆಳಲು ನೆಳಲು, ಹಿಡಿದುಜ್ಜಿ ಹಿಡಿದುಜ್ಜಿ ಹಿಮ್ಮಡಿ, ಯಾರಿದ್ದೀರಾ ಹಿಮ್ಮಡಿಗೆ, ಒಂದು ಸಲ! ಎರಡು ಸಲ!"

ಹಾಡಿಗೆ ಕಟ್ಟುಬಿದ್ದ ಕೈ, ಎಣ್ಣೆಯಮ್ಮ ಬೇಡವೆಂದರೂ ಓಡಿತು. ಹಿಮ್ಮಡಿಯಿಂದ ಮಂಡಿಗೆ, ಮಂಡಿಯಿಂದ ತೊಡೆಗೆ, ರೈಲು ತಪ್ಪಿಹೋಗುತ್ತದೆ ಎನ್ನುವ ಹಾಗೆ.

"ಅಯ್ಯಯ್ಯೋ, ಎಣ್ಣೆಯಮ್ಮ! ಚರ್ಮ ಬಿಟ್ಟು ಹೋಗಿ!" ಸ್ಟೆನೋ ಕಿರುಚಿದಳು.

"ಮೂರು ಸಲ!" ಎಂದು ಹೊರಗಿನವನು ಬಾಗಿಲಿಗೆ ಗುದ್ದಿದ.

ಹೊರಗೆ ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿಬಿದ್ದು ಮನೆ ಹಾರಿಹೋಗುವಂತೆ ಅತ್ತಿತು.

"ಯಾರ ಕಿವಿಯಲ್ಲಿ ಕೂಗ್ತಿದ್ದೀಯೋ, ಕುಂಬಳಕಾಯಿ ಮಾರೋನೇ!" ಎಂದು ಅತ್ತೆಮ್ಮ ಮಗನನ್ನು ಅಟ್ಟಿಸಿಕೊಂಡು ಹೋದ ಸದ್ದಾಯಿತು. "ನಾಳೆಯಿಂದ ಗಂಟೆಯವಳೇ ಗತಿ!" ಎನ್ನುವುದೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅಪ್ಪನ ಹೆಗಲ ಮೇಲೆ ಕೂಸಿನ ಅಳು ತಗ್ಗುತ್ತ, ಅಡುಗೆಮನೆಯ ಕಡೆಗೆ ದೂರವಾಯಿತು.

ಕೋಣೆಯಲ್ಲಿ ಈಗ ಇಬ್ಬರೇ. ಎಣ್ಣೆಯಮ್ಮ ಎಣ್ಣೆಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ದೇವರೇ, ಎರಡು ಐಸ್ ಕ್ಯಾಂಡಿಗೆ ಇಷ್ಟು ದೊಡ್ಡ ಶಿಕ್ಷೆಯೇ? ಒಂದಕ್ಕೆ ಒಪ್ಪಿಕೊಳ್ಳುತ್ತಿದ್ದೆ.

ಆಗ ಚಾಪೆಯ ಮೇಲಿಂದ, ದಿಂಬಿಗೆ ಮುಖ ಒತ್ತಿದ್ದ ಬಾಯಿಂದ, ನಿಧಾನವಾಗಿ ಬಂತು: "ನಡೆಸಿದ ಕಾಲಿಗೆ ನೆಲವಾದೆ ನನ್ನೊಡೆಯ..."

ರಾಗ ಅಷ್ಟಕ್ಕಷ್ಟೇ. ಆದರೆ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಎಣ್ಣೆಯಮ್ಮ ಎಲ್ಲಿ ಉಸಿರು ಎಳೆಯುತ್ತಿದ್ದಳೋ ಅಲ್ಲೇ ಉಸಿರು. ನಾಲ್ಕನೆಯ ನುಡಿಯಲ್ಲಿ ಅವಳು ದಿನವೂ ಕೆಮ್ಮುತ್ತಿದ್ದ ಜಾಗದಲ್ಲಿ ಒಂದು ಸಣ್ಣ ಕೆಮ್ಮು ಕೂಡ!

ಎಣ್ಣೆಯಮ್ಮ ಹುಬ್ಬೇರಿಸಿ ನೋಡಿದಳು. ಚಾಪೆಯ ಮೇಲೆ ಆ ಹತ್ತು ಬೆರಳು ಹಾಡಿನ ಜೊತೆಗೇ ಕುಣಿಯುತ್ತಿದ್ದವು. ಅಯ್ಯೋ ಇವಳ! ವಾಯುವಲ್ಲ, ಗೀಯುವಲ್ಲ. ನ್ಯಾಯಾಲಯದಲ್ಲಿ ಸಾಕ್ಷಿಯ ಮಾತನ್ನು ಬೆರಳಲ್ಲೇ ಹಿಡಿದಿಡುವ ಹುಡುಗಿ, ಹದಿನೆಂಟು ದಿನ ಹಾಡನ್ನು ಚಾಪೆಯ ಮೇಲೇ ಟೈಪು ಮಾಡಿಕೊಂಡಿದ್ದಳು. ತಾನೋ, ಆ ಬೆರಳುಗಳನ್ನು ಹಿಡಿದು ಮುರಿದದ್ದೇ ಮುರಿದದ್ದು!

ಕೈ ತಾನಾಗಿ ಕಾಲಿನ ಮೇಲೆ ಹೋಯಿತು. ಹಾಡು ಮುಂದೆ, ಕೈ ಹಿಂದೆ. ಮೀನಖಂಡ, ಮಂಡಿಯ ಸುತ್ತ, ತೊಡೆ. ಎಣ್ಣೆಯಮ್ಮನಿಗೆ ಇನ್ನೊಬ್ಬರ ಬಾಯಲ್ಲಿ ಈ ಹಾಡು ಕೇಳಿ ನಲವತ್ತು ವರ್ಷವಾಗಿತ್ತು. ಕೊನೆಗೆ ಕೇಳಿದ್ದು ಅಜ್ಜಿಯ ಬಾಯಲ್ಲಿ. ಹಾಡುವವಳಾಗಿ ತಾನು ಹೊತ್ತು ಎಣಿಸುತ್ತಿದ್ದಳೇ ಹೊರತು, ಹಾಡು ಏನನ್ನು ಬೇಡುತ್ತಿದೆ ಎಂದು ಕಿವಿಗೊಟ್ಟದ್ದು ಕಡಿಮೆ. ಕಣ್ಣು ಸ್ವಲ್ಪ ಒದ್ದೆಯಾಯಿತು. ಎಣ್ಣೆಗೈ, ಒರೆಸಿಕೊಳ್ಳುವ ಹಾಗಿಲ್ಲ.

ಸೊಂಟದ ನುಡಿ ಬಂತು.

ಹೊತ್ತ ಸೊಂಟಕ್ಕೆ ಒರಗಾಗೊ ನನ್ನೊಡೆಯ
ಒಂಬತ್ತು ತಿಂಗಳ ಹೊರೆ ಇಳಿಯಿತೊ, ಇನ್ನೀಗ
ಮೆತ್ತಗೆ ಮಾಡೊ ಎಲುಬೆಲುಬ.

ಎರಡು ಹೆಬ್ಬೆರಳು ಸೊಂಟದ ಕುಳಿಗಳಲ್ಲಿ ಕೂತು ತಿರುಗಿದವು. ನುಡಿ ಮುಗಿಯಿತು. ಎಣ್ಣೆಯಮ್ಮ ಬೆನ್ನಿಗೆ ಹೊರಟಳು. ಅಷ್ಟರಲ್ಲಿ ಮತ್ತೆ, "ಹೊತ್ತ ಸೊಂಟಕ್ಕೆ ಒರಗಾಗೊ..."

ಕೈ ಹಿಂದಕ್ಕೆ ಬಂತು. ಮುಗಿಯಿತು. ಮೂರನೆಯ ಬಾರಿ, "ಹೊತ್ತ ಸೊಂಟಕ್ಕೆ..."

ಎಣ್ಣೆಯಮ್ಮ ಅವಳ ಕಿವಿಯ ಹತ್ತಿರ ಬಗ್ಗಿ ಉಸುರಿದಳು: "ಅದು ಒಂದೇ ಸಲ ಬರೋದು ಮಗಳೇ."

"ನನ್ನ ದಾಖಲೆಯಲ್ಲಿ ಮೂರು ಸಲ ಇದೆ, ಎಣ್ಣೆಯಮ್ಮ."

"ನನ್ನ ಹಾಡು ನನಗೇ ಹೇಳಿಕೊಡ್ತೀಯಾ?"

ದಿಂಬಿನೊಳಗಿಂದ ನಗು ಬಂತು. "ಐಸ್ ಕ್ಯಾಂಡಿ ಕಿತ್ತಳೆ ಬಣ್ಣದ್ದು. ಎರಡು. ನಿನ್ನೆ ಕಿಟಕಿಯಿಂದ ನೋಡಿದೆ. ಅತ್ತೆಗೆ ಹೇಳ್ಲಾ?"

ಎಣ್ಣೆಯಮ್ಮನ ಕೈ ಅಲ್ಲೇ ನಿಂತಿತು. ಒಂದು ಗಳಿಗೆ ಯೋಚಿಸಿ, ಮತ್ತೆ ಬಗ್ಗಿದಳು. "ಹಸಿ ಬಾಣಂತಿ ತಂಗಾಳಿಯಲ್ಲಿ ಕಿಟಕಿ ತೆಗೆದು ನಿಂತಿದ್ಲು ಅಂತ ನಾನೂ ಹೇಳ್ಲಾ?"

ಆಮೇಲೆ ಇಬ್ಬರ ಹೊಟ್ಟೆಯೂ ಒಟ್ಟಿಗೆ ಕುಲುಕತೊಡಗಿತು. ನಕ್ಕರೆ ಹೊಲಿಗೆ ಎಳೆಯುತ್ತದೆ ಎಂದು ಸ್ಟೆನೋ, ಗಂಟಲು ಸೀಳುತ್ತದೆ ಎಂದು ಎಣ್ಣೆಯಮ್ಮ, ಇಬ್ಬರೂ ಬಾಯಿ ಮುಚ್ಚಿಕೊಂಡೇ ನಕ್ಕರು.

"ಹಾಡು, ಹಾಡು. ಮೂರು ಸಲ," ಎಂದಳು ಎಣ್ಣೆಯಮ್ಮ.

ಇಪ್ಪತ್ತೊಂದನೆಯ ನುಡಿಗೆ ಬಚ್ಚಲಿನ ನೀರು ಹದಕ್ಕಿಂತ ತುಸು ಜಾಸ್ತಿಯೇ ಕಾದಿತ್ತು. ಎರಡು ನುಡಿ ಹೆಚ್ಚಾದದ್ದು ನೀರಿಗೆ ಗೊತ್ತಾಗದೆ ಇರುತ್ತದೆಯೇ! ಒಂದು ಚೊಂಬು ತಣ್ಣೀರು ಬೆರೆಸಿದರೆ ಸರಿಹೋಯಿತು. ಮಿಂದು, ಹೊಟ್ಟೆಗೆ ಬಟ್ಟೆ ಬಿಗಿದುಕೊಂಡು, ಬೆಚ್ಚಗೆ ಹೊದ್ದು ಮಲಗಿದ ಸ್ಟೆನೋ ಈ ಸಲ ನಿಜವಾಗಿ ನಿದ್ದೆ ಹೋದಳು. ಬೆರಳೂ ಅಲುಗಲಿಲ್ಲ.

ಎಣ್ಣೆಯಮ್ಮ ಬಾಗಿಲು ತೆರೆದರೆ ಅತ್ತೆಮ್ಮ ಹೊಸ್ತಿಲ ಹೊರಗೇ ಗೋಡೆಗೆ ಒರಗಿ ಕೂತಿದ್ದರು. ಎಷ್ಟು ಹೊತ್ತಿನಿಂದಲೋ. ಎಣ್ಣೆಯಮ್ಮ ಬಟ್ಟಲು ಹಿಡಿದು ತೀರ್ಪಿಗೆ ಕಾದಳು.

"ಮಲಗಿದ್ಲಾ?"

ಎಣ್ಣೆಯಮ್ಮ ತಲೆಯಾಡಿಸಿದಳು.

ಅತ್ತೆಮ್ಮ ಒಳಗೆ ಇಣುಕಿ ನೋಡಿದರು. ಸೊಸೆ ಕೂಸಿನಂತೆ ಬಾಯಿ ತೆರೆದು ಮಲಗಿದ್ದಳು. ಆಮೇಲೆ ಧ್ವನಿ ತಗ್ಗಿಸಿ, "ಆ ಗಂಟೆಯವಳಿಗೆ ನಾನೇನೂ ಹೇಳಿ ಕಳಿಸಿಲ್ಲ" ಎಂದರು. ಇನ್ನೂ ತಗ್ಗಿಸಿ, "ಬಟ್ಟಲಲ್ಲಿ ಎಣ್ಣೆ ಉಳಿದಿದೆಯೇನು? ನನ್ನದೂ ಸೊಂಟವೇ. ಇವನನ್ನ ಹೆತ್ತಾಗ ಆರನೇ ದಿನಕ್ಕೇ ಎದ್ದು ಕೆಲಸಕ್ಕೆ ನಿಂತವಳು ನಾನು. ನನಗೆ ಯಾರು ಹಾಡಿದ್ರು?"

ಎಣ್ಣೆಯಮ್ಮ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದಳು. ಉಳಿದಿತ್ತು. ಗೋಡೆಯ ಬದಿಗೆ ಅವರನ್ನು ತಿರುಗಿಸಿ ಕೂರಿಸಿ, ಸೆರಗು ಸರಿಸಿ, ಹೆಬ್ಬೆರಳನ್ನು ಮೂವತ್ತು ವರ್ಷದ ಹಳೆಯ ನೋವಿನ ಮೇಲಿಟ್ಟಳು. ಹಾಡುವವರು ಯಾರೂ ಇರಲಿಲ್ಲ. ಒಳಗೆ ಸ್ಟೆನೋಳ ಗೊರಕೆ, ಅಡುಗೆಮನೆಯಲ್ಲಿ ಕೂಸನ್ನು ತಟ್ಟುತ್ತ ಹರಾಜಿನವನು ಪಿಸುಮಾತಿನಲ್ಲಿ ಕೂಗುತ್ತಿದ್ದ ಟೊಮೆಟೊ ದರ. ಎಣ್ಣೆಯಮ್ಮ ಕಣ್ಣು ಮುಚ್ಚಿದಳು. ಈ ಸಲ ಟೋಪಿಯೂ ಬರಲಿಲ್ಲ, ನಲ್ಲಿಯೂ ಬರಲಿಲ್ಲ. ಹೊತ್ತ ಸೊಂಟಕ್ಕೆ ಒರಗಾಗೊ ನನ್ನೊಡೆಯ. ನುಡಿ ಮುಗಿಯುವ ಜಾಗದಲ್ಲಿ ಕೈ ತಾನಾಗಿ ನಿಂತಿತು.

"ಇಷ್ಟೇನಾ?" ಎಂದರು ಅತ್ತೆಮ್ಮ, ಗೋಡೆಯ ಕಡೆಗೆ ಮುಖ ಮಾಡಿಕೊಂಡೇ. "ಅವಳಿಗೆ ಮೂರು ಸಲ ಆಯ್ತು. ನಾನು ಎಣಿಸಿದ್ದೀನಿ."