ಹೊಸ ತಾರೀಖಿನ ಹಳೆಯ ನಕ್ಷೆ

ರಸ್ತೆಯ ಹೆಸರಿನ ಮೊದಲ ಮೂರಕ್ಷರ ಒತ್ತುವಷ್ಟರಲ್ಲೇ ಪರದೆಯ ತುಂಬ ಸಾಲುಗಳು ಇಳಿದವು. ಐದು ಫೋಲ್ಡರುಗಳಿಂದ ಒಟ್ಟು ಅರವತ್ತಮೂರು ಫೈಲು.

"ನೋಡಿದ್ರಾ?" ಎಂದರು ಮೇಡಂ, ಯಾರ ಕಡೆಗೂ ನೋಡದೆ. ನೀರು ಸರಬರಾಜು ಕಚೇರಿಗೆ ಅವರು ಬಂದು ಎರಡು ತಿಂಗಳೂ ಆಗಿರಲಿಲ್ಲ. ಸಾಲುಗಳ ತಲೆಯ ಮೇಲಿದ್ದ 'ತಾರೀಖು' ಎಂಬುದನ್ನು ಒಮ್ಮೆ ಒತ್ತಿದರು. ಸಾಲುಗಳು ಅದಲುಬದಲಾಗಿ ಎಲ್ಲಕ್ಕಿಂತ ಹೊಸದು ಮೇಲೆ ಬಂತು. ಅದನ್ನೇ ತೆರೆದರು.

ಟಪಾಲಿನ ಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದ ನಕ್ಷೆಗಾರನಿಗೆ ಅಷ್ಟು ದೂರದಿಂದಲೇ ಗೊತ್ತಾಯಿತು. ಟ್ಯಾಂಕ್ ರಸ್ತೆಯ ದೊಡ್ಡ ಪೈಪು ಆ ನಕ್ಷೆಯಲ್ಲಿ ಎಡಗಡೆ ಇತ್ತು. ರಸ್ತೆ ಅಗಲ ಮಾಡಿದ ವರ್ಷ ಅದನ್ನು ಬಲಗಡೆಗೆ ಸರಿಸಿ ಒಂಬತ್ತು ವರ್ಷವಾಗಿತ್ತು.

ಸರಿಸಿದ ಮೇಲೆ ಹೊಸ ನಕ್ಷೆ ಬರೆದವನೂ ಅವನೇ, ಹಳೆಯದನ್ನು ಬಿಸಾಡಲು ಮನಸ್ಸು ಬಾರದೆ ಇಟ್ಟುಕೊಂಡವನೂ ಅವನೇ. ಹೋದ ವರ್ಷ ಯಾವುದೋ ವಿಚಾರಣೆಗೆ ಹಳೆಯದೇ ಬೇಕೆಂದರು. ತೆರೆದು, ಪ್ರಿಂಟ್ ಕೊಟ್ಟು, ಒಂದು ಗೆರೆಯನ್ನೂ ಮುಟ್ಟದಿದ್ದರೂ ಮುಚ್ಚುವ ಮುಂಚೆ ಸೇವ್ ಒತ್ತಿದ್ದ. ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿಸಿದ ಮೇಷ್ಟ್ರು ಹತ್ತಿಸಿದ ಚಾಳಿ ಅದು. ಎಲ್ಲಿ ಕಳೆದುಹೋಗುತ್ತದೋ ಎಂಬ ಹೆದರಿಕೆಗೆ ದಿನಕ್ಕೆ ನೂರು ಸಲ ಒತ್ತುತ್ತಿದ್ದ. ಹಾಗಾಗಿ ಹಳೆಯ ನಕ್ಷೆಗೆ ಹೊಸ ತಾರೀಖು ಬಿದ್ದಿತ್ತು, ನಿಜವಾದದ್ದು ಪಟ್ಟಿಯಲ್ಲಿ ಎಲ್ಲೋ ನಲವತ್ತನೆಯ ಸಾಲಿನಾಚೆ ಕೂತಿತ್ತು. 'ಇದು ಹಳೆಯದು' ಎಂದು ಅದರ ಮೇಲೆ ಬರೆಯಬೇಕು ಅಂದುಕೊಂಡಿದ್ದ. ನಾಳೆ ನಾಳೆ ಎಂದು ಉಳಿದುಹೋಗಿತ್ತು.

ಮೇಜಿನ ಈಚೆ ಅಗೆತದ ಮೇಸ್ತ್ರಿ ಕೈಕಟ್ಟಿ ನಿಂತಿದ್ದ. ಅವತ್ತು ಮಧ್ಯಾಹ್ನ ಟ್ಯಾಂಕ್ ರಸ್ತೆಯಲ್ಲಿ ಕೇಬಲ್ಲಿಗೆ ಕಾಲುವೆ ತೆಗೆಯುವುದಿತ್ತು.

"ಪೈಪ್ ಎಡಗಡೆ ಇದೆ. ನೀವು ಬಲಗಡೆ ಅಗೀರಿ," ಎಂದು ಮೇಡಂ ಪ್ರಿಂಟ್ ಕೊಟ್ಟರು.

"ನಕ್ಷೆಯಣ್ಣನ್ನ ಒಂದು ಮಾತು ಕೇಳ್ಬಿಡೋಣ್ವಾ ಮೇಡಂ?"

"ಯಾಕೆ? ಕಣ್ಣೆದುರಿಗೇ ಇದೆಯಲ್ರೀ."

ಮೇಸ್ತ್ರಿ ಆದರೂ ಬಾಗಿಲ ಕಡೆ ತಿರುಗಿದ. "ಇದೇ ತಾನೇ ಅಣ್ಣಾ?"

ನಕ್ಷೆಗಾರನ ನಾಲಿಗೆಯ ತುದಿಗೆ ಬಂದದ್ದು ಬೇರೆ. "ಮೇಡಮ್ಮೇ ಹುಡುಕಿ ಕೊಟ್ಟ ಮೇಲೆ ನಂದೇನಿದೆಯಪ್ಪಾ," ಎಂದ.

ಹೊರಗೆ ಬಂದು ಟಪಾಲಿನ ಕಟ್ಟನ್ನು ತನ್ನ ಮೇಜಿನ ಮೇಲಿಟ್ಟ. ತನಗೆ ಸಂತೋಷವಾಗುತ್ತಿದೆ ಎಂದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಮೂರು ವಾರದ ಹಿಂದೆ ಮೇಡಂ ಎಲ್ಲರನ್ನೂ ಸಭೆಗೆ ಕರೆದು, ಒಂದು ಹಳೆಯ ವಾಲ್ವಿನ ನಕ್ಷೆ ಹುಡುಕಲು ಅವನಿಗೆ ಹೇಳಿ, ಮೊಬೈಲಿನಲ್ಲಿ ಸಮಯ ಹಿಡಿದಿದ್ದರು. ಅವನು ತನ್ನ ಸೂಚಿ ಪುಸ್ತಕ ತೆರೆದು, ಬೆರಳಿಟ್ಟು, ಫೋಲ್ಡರಿನೊಳಗೆ ಫೋಲ್ಡರು ಇಳಿದು ತೆಗೆದುಕೊಡಲು ಮೂವತ್ತನಾಲ್ಕು ನಿಮಿಷ ಹಿಡಿಯಿತು. ಆಮೇಲೆ ಮೇಡಂ ತಾವೇ ಹಾಕಿಸಿದ ಹುಡುಕುವ ಪ್ರೋಗ್ರಾಮಿನಲ್ಲಿ ಅದನ್ನೇ ಹನ್ನೊಂದು ಸೆಕೆಂಡಿನಲ್ಲಿ ತೆಗೆದರು. ಚಪ್ಪಾಳೆ ಬಿತ್ತು. "ನಕ್ಷೆಯಣ್ಣ ಹುಡುಕೋದ್ರೊಳಗೆ ಪೈಪಿಗೆ ತುಕ್ಕು ಹಿಡಿದಿರುತ್ತೆ," ಎಂದು ಗುಮಾಸ್ತ ಅಂದದ್ದಕ್ಕೆ ಮೇಡಮ್ಮೂ ನಕ್ಕರು. ಸೋಮವಾರ ಬಂದು ನೋಡಿದರೆ ಅವನ ಕುರ್ಚಿ ಟಪಾಲಿನ ಕಿಟಕಿಯ ಹತ್ತಿರ ಇತ್ತು. "ನಿಮಗೂ ಆರಾಮ ಅಲ್ವಾ," ಎಂದಿದ್ದರು ಮೇಡಂ. ಬೈದಿದ್ದರೆ ಮರೆಯುತ್ತಿದ್ದನೋ ಏನೋ. ಆ 'ಆರಾಮ' ಮುರಿದ ಮುಳ್ಳಿನ ಹಾಗೆ ಒಳಗೇ ಉಳಿದು ಕೀವಾಗಿತ್ತು.

ಊಟದ ಹೊತ್ತಿಗೆ ಡಬ್ಬಿ ಬಿಚ್ಚಿದಾಗ ಕಸ ಗುಡಿಸುವ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. "ಏನಣ್ಣಾ, ಮೂರು ವಾರದಿಂದ ಹರಳೆಣ್ಣೆ ಕುಡಿದ ಮುಖ ಹಾಕ್ಕೊಂಡಿದ್ರಿ. ಇವತ್ತು ಮದುವೆ ಮನೆ ಕಳೆ!"

"ಹಸಿವು ಕಣಕ್ಕ."

"ಹಸಿದೋರು ನಗಲ್ಲ ಬಿಡಿ," ಎಂದು ಅವಳು ಪೊರಕೆ ಎತ್ತಿಕೊಂಡು ಹೋದಳು.

ನೀರು ಚಿಮ್ಮುವುದು, ಮೇಲಿನವರು ಫೋನ್ ಮಾಡುವುದು, ಮೇಡಂ ಓಡಿಬಂದು "ಸರಿಯಾದ ನಕ್ಷೆ ಎಲ್ಲಿ?" ಎನ್ನುವುದು, ಎಲ್ಲವನ್ನೂ ಅವನು ಉಣ್ಣುತ್ತ ಮನಸ್ಸಿನಲ್ಲೇ ನೋಡಿದ. ತಾನು ಹೇಳಬೇಕಾದ ಮಾತನ್ನೂ ಜೋಡಿಸಿಟ್ಟುಕೊಂಡ. 'ಹುಡುಕಿ ಮೇಡಂ, ಹನ್ನೊಂದು ಸೆಕೆಂಡು ಸಾಕಲ್ಲ.' ಬೇರೆ ಬೇರೆ ದನಿಯಲ್ಲಿ ಹೇಳಿ ನೋಡಿಕೊಂಡ. ಮೆಲ್ಲಗೆ ಹೇಳಿದರೇ ಚೆನ್ನು ಅನಿಸಿತು.

ಮೂರು ಗಂಟೆಗೆ ಅರ್ಧ ದಿನದ ರಜೆ ಬರೆದುಕೊಟ್ಟು ಟ್ಯಾಂಕ್ ರಸ್ತೆಗೆ ನಡೆದ. ದೂರ ನಿಂತು ನೋಡಿ ಬಂದರಾಯಿತು ಅಂದುಕೊಂಡಿದ್ದ. ಆದರೆ ಬಲಗಡೆ ಸುಣ್ಣದ ಗೆರೆ ಎಳೆಸುತ್ತಿದ್ದ ಮೇಸ್ತ್ರಿ ಕಂಡುಬಿಟ್ಟ.

"ಬನ್ನಿ ಬನ್ನಿ! ಒಳ್ಳೇ ಟೈಮಿಗೆ ಬಂದ್ರಿ, ಟೀ ಬರ್ತಿದೆ." ಅಗೆಯುವ ಯಂತ್ರದ ಮೇಲೆ ಕೂತ ಡ್ರೈವರಿಗೆ ಕೇಳುವಂತೆ ಕೂಗಿದ. "ಇವ್ರೇ ಕಣಯ್ಯ ನಕ್ಷೆಯಣ್ಣ. ಇಪ್ಪತ್ತೆರಡು ವರ್ಷ ಇವರ ಕಾಗದ ಹಿಡ್ಕೊಂಡು ಅಗಿದಿದೀನಿ, ಒಂದು ಪೈಪಿಗೆ ಪೆಟ್ಟಾಗಿಲ್ಲ. ಬೇರೆಯವರ ನಕ್ಷೆ ಆದ್ರೆ ಮೊದಲು ಹಾರೆ ಹಾಕಿ ನೋಡ್ತೀನಿ. ಇವರದ್ದಾದ್ರೆ ಕಣ್ಮುಚ್ಕೊಂಡು ಮಿಷನ್ ಇಳಿಸು ಅಂತೀನಿ."

ನಕ್ಷೆಗಾರ ಬಾಯಿ ತೆರೆದ. 'ಅದು ಹಳೆಯದು' ಎಂದುಬಿಡುವವನಿದ್ದ. ಅಷ್ಟರಲ್ಲಿ ರಸ್ತೆಯ ಕೆಳಗಿನಿಂದ ಮೇಡಂ ಕಾರು ಏರಿ ಬರುವುದು ಕಾಣಿಸಿತು. ಕೆಲಸ ನೋಡಲು ಬರುತ್ತಿದ್ದರು. ಬಾಯಿ ತಾನಾಗಿಯೇ ಮುಚ್ಚಿಕೊಂಡಿತು.

ಮೇಸ್ತ್ರಿ ಕೈ ಬೀಸಿದ. ಯಂತ್ರದ ಹಲ್ಲು ಇಳಿಯಿತು. ಎರಡನೆಯ ಸಲ ಎತ್ತುವಾಗ ನೆಲದೊಳಗೆ ಏನೋ ಕೆಮ್ಮಿದ ಹಾಗಾಯಿತು, ಮರುಗಳಿಗೆ ನೀರು ಕಂಬದೆತ್ತರ ಎದ್ದಿತು. ಡ್ರೈವರು ಜಿಗಿದು ಓಡಿದ. ಮನೆಗಳಿಂದ ಜನ ಹೊರಬಂದರು. "ಅಯ್ಯೋ, ಮೇಲಿನ ಬೀದಿಗಳಿಗೆಲ್ಲ ಇನ್ನೆಷ್ಟು ದಿನ ನೀರಿಲ್ವೋ," ಎಂದು ಒಬ್ಬ ಹೆಂಗಸು ತಲೆ ಮೇಲೆ ಕೈಯಿಟ್ಟುಕೊಂಡಳು.

ಮೇಡಂ ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿನಲ್ಲಿ ಓಡಿ ಬಂದರು, ಫೋನು ಕಿವಿಗಿಟ್ಟು ಕಿರುಚುತ್ತ. ಅವನನ್ನು ಕಂಡವರೇ, "ಸರಿಯಾದ ನಕ್ಷೆ ಎಲ್ಲಿದೆ?" ಎಂದರು.

"ಹುಡುಕಿ ಮೇಡಂ, ಹನ್ನೊಂದು ಸೆಕೆಂಡು ಸಾಕಲ್ಲ."

"ಏನು? ಜೋರಾಗಿ ಹೇಳಿ, ಕೇಳಿಸ್ತಿಲ್ಲ! ಮೇಲಿನ ವಾಲ್ವ್ ಎಲ್ರೀ?"

"ಟ್ಯಾಂಕಿನ ಗೇಟಿಂದ ನಾಲ್ಕು ಹೆಜ್ಜೆ ಎಡಕ್ಕೆ, ಚಪ್ಪಡಿ ಕೆಳಗೆ," ಎಂದು ಅವನ ಬಾಯಿ ತಡವರಿಸದೆ ಹೇಳಿತು.

ಅರ್ಧ ಗಂಟೆಯಲ್ಲಿ ನೀರು ತಗ್ಗಿತು. ಮೇಡಂ ಒದ್ದೆಯಾದ ಪ್ರಿಂಟನ್ನು ಬಿಡಿಸಿ ಕೆಳಗಿನ ಮೂಲೆಯಲ್ಲಿದ್ದ ಹೆಸರಿನ ಮೇಲೆ ಬೆರಳಿಟ್ಟರು. "ಬರೆದವರು ನೀವೇ ಅಲ್ವಾ? ನಿಮ್ಮ ನಕ್ಷೆ ತಪ್ಪಿತ್ತು ಅಂತ ನಾನು ವರದಿಯಲ್ಲಿ ಬರೀಬೇಕಾಗುತ್ತೆ."

ಇಪ್ಪತ್ತೆರಡು ವರ್ಷದಲ್ಲಿ ಆ ಮಾತನ್ನು ಯಾರೂ ಅವನಿಗೆ ಅಂದಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

"ನನ್ನ ನಕ್ಷೆ ತಪ್ಪಿಲ್ಲ! ಅದು ಹಳೇದು. ಸರಿಯಾದ್ದು ಅದೇ ಪಟ್ಟಿಯಲ್ಲಿ ಕೆಳಗಿತ್ತು, ನೀವು ಮೇಲಿಂದು ತೆಗೆದ್ರಿ!"

ಮೇಡಂ ಏನೋ ಹೇಳಹೊರಟರು, ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. "ಹೌದು ಸರ್, ನಾನೇ ಸ್ಪಾಟಲ್ಲಿದೀನಿ ಸರ್," ಎನ್ನುತ್ತ ಕಾರಿನ ಕಡೆ ಹೋದರು.

ಮೇಸ್ತ್ರಿ ಅಲ್ಲೇ ನಿಂತಿದ್ದ. ತಲೆಯಿಂದ ಕಾಲಿನವರೆಗೆ ನೀರು ಸೋರುತ್ತಿತ್ತು.

"ಹಳೇದು ಅಂತ ಬೆಳಿಗ್ಗೆನೇ ಗೊತ್ತಿತ್ತಾ?"

ನಕ್ಷೆಗಾರನಿಗೆ ಮೇಡಂ ತನ್ನನ್ನು ಹೇಗೆ ನಡೆಸಿಕೊಂಡರು ಎಂಬುದನ್ನು ಮೊದಲಿನಿಂದ ಹೇಳಬೇಕು ಅನಿಸಿತು. ಎಲ್ಲಿಂದ ಶುರುಮಾಡಿದರೂ ಅದು ಈ ಗುಂಡಿಯವರೆಗೆ ಬರುತ್ತಿರಲಿಲ್ಲ.

"ಬಾಗಿಲಲ್ಲಿ ನಿಂತಿದ್ರಿ. ನಾನು ತಿರುಗಿ ಕೇಳಿದ್ನಲ್ಲ," ಎಂದ ಮೇಸ್ತ್ರಿ, ಲೆಕ್ಕ ತಪ್ಪಿದವನಂತೆ, ತನಗೆ ತಾನೇ.

ಆಮೇಲೆ ಬಗ್ಗಿ ಕೆಸರಿನಿಂದ ಹಾರೆ ಎತ್ತಿಕೊಂಡ. ಡ್ರೈವರಿಗೆ ಯಂತ್ರ ಹತ್ತಲು ಸನ್ನೆ ಮಾಡಿದ.

"ನಾನು ತೋರಿಸ್ತೀನಿ, ಬಾ," ಎಂದ ನಕ್ಷೆಗಾರ. "ಗೋಡೆಯಿಂದ ಐದಡಿ ಬಿಟ್ಟು..."

"ಸ್ವಲ್ಪ ಆಚೆ ನಿಂತ್ಕೊಳ್ಳಿ ಸಾರ್. ಕೆಸರು ಹಾರುತ್ತೆ."

ಅವನು ಫುಟ್‌ಪಾತಿನ ಮೇಲೆ ಹತ್ತಿ ನಿಂತ. ಮೇಸ್ತ್ರಿ ರಸ್ತೆಯ ಎಡಗಡೆಗೆ ಹೋಗಿ ಹಾರೆಯನ್ನು ನೆಲಕ್ಕೆ ಇಳಿಸಿದ, ತಲೆ ಓರೆ ಮಾಡಿ ಆಲಿಸಿದ. ಮಣ್ಣು. ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಇಳಿಸಿದ. ಯಂತ್ರ ಅವನ ಹಿಂದೆ, ಅವನ ನಡಿಗೆಯಷ್ಟೇ ನಿಧಾನವಾಗಿ, ಏರನ್ನು ಹತ್ತತೊಡಗಿತು.