ಅಕ್ಕನ ರಕ್ತ, ತಂಗಿಯ ರಿಪೋರ್ಟು

ಲ್ಯಾಬಿಗೆ ಹೊಸ ಮಷೀನು ಬಂದಾಗ ಅದನ್ನು ಪರೀಕ್ಷಿಸೋಕೆ ಆರೋಗ್ಯವಂತರ ರಕ್ತ ಬೇಕಾಯಿತು. ಹದಿನೆಂಟು ವರ್ಷದಿಂದ ಅಲ್ಲಿ ಟೆಕ್ನಿಶಿಯನ್ ಆಗಿದ್ದ ಅಕ್ಕ ತನ್ನ ತೋಳನ್ನೇ ಚಾಚಿದಳು.

ಎಲ್ಲ ಸರಿ ಬಂತು, ಐಜಿಎ ಒಂದು ಬಿಟ್ಟು. ಮೂಗು, ಗಂಟಲು, ಕರುಳಿನ ಒಳಪದರವನ್ನು ಕಾಯುವ ಪ್ರತಿಕಾಯ ಅದು. ಅಕ್ಕನ ರಕ್ತದಲ್ಲಿ ಅದರ ಸುಳಿವೇ ಇರಲಿಲ್ಲ.

"ಮಷೀನು ಕೆಟ್ಟಿದೆ" ಅಂದಳು. ಇನ್ನೊಮ್ಮೆ ಹಾಕಿದಳು, ಅದೇ. ಕೌಂಟರಿನ ಹುಡುಗಿಯ ರಕ್ತ ಹಾಕಿದರೆ ಸರಿಯಾಗಿ ತೋರಿಸಿತು.

ಲ್ಯಾಬಿನ ಡಾಕ್ಟರು ಸಮಾಧಾನ ಹೇಳಿದರು. "ಗಾಬರಿ ಬೇಡಮ್ಮ. ಕೆಲವರಿಗೆ ಹುಟ್ಟಿನಿಂದಲೇ ಇರಲ್ಲ, ಎಷ್ಟೋ ಜನಕ್ಕೆ ಗೊತ್ತೂ ಆಗಲ್ಲ. ಯಾವತ್ತಾದರೂ ರಕ್ತ ಹಾಕಿಸಿಕೊಳ್ಳೋ ಹಾಗಿದ್ದರೆ ಮಾತ್ರ ಮೊದಲೇ ಹೇಳಿಬಿಡಿ. ಮನೆಯಲ್ಲಿ ಇನ್ಯಾರಿಗಾದರೂ ಇರಬಹುದು, ನೋಡಿ."

ಆ ಕೊನೆಯ ಮಾತು ಅಕ್ಕನ ತಲೆಯೊಳಗೆ ಹುಳದ ಹಾಗೆ ಕೊರೆಯತೊಡಗಿತು.

ಬಟ್ಟೆ ಹೊಲಿಯುವ ತಂಗಿಗೆ ನಾಲ್ಕು ವರ್ಷದಿಂದ ಹೊಟ್ಟೆ ಸರಿಯಿರಲಿಲ್ಲ. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಗೋಧಿ ಆಗದ ಕಾಯಿಲೆಯೇನೋ ಅಂತ ಎರಡು ವರ್ಷದ ಹಿಂದೆ ಅಕ್ಕನೇ ರಕ್ತ ತೆಗೆದಿದ್ದಳು. ಆ ಪರೀಕ್ಷೆ ಹುಡುಕುವುದು ಐಜಿಎ ಜಾತಿಯ ಪ್ರತಿಕಾಯವನ್ನು. ಆಗ ಏನೂ ಸಿಕ್ಕಿರಲಿಲ್ಲ. ತಂಗಿಗೂ ಐಜಿಎನೇ ಇಲ್ಲದಿದ್ದರೆ ಸಿಗುವುದೆಲ್ಲಿಂದ? "ಏನೂ ಇಲ್ಲ ಕಣೇ, ಎಲ್ಲ ನಿನ್ನ ತಲೆಯಲ್ಲಿದೆ" ಅಂದದ್ದೂ ಅಕ್ಕನೇ.

ಕೂತಲ್ಲಿ ಕೂರಲಾಗಲಿಲ್ಲ. ಯಾರದೋ ಟ್ಯೂಬಿಗೆ ಯಾರದೋ ಚೀಟಿ ಅಂಟಿಸಿ, ಕಿತ್ತು, ಮತ್ತೆ ಅಂಟಿಸಿದಳು. ಮಧ್ಯಾಹ್ನ ರಜೆ ಹೇಳಿ, ಸೂಜಿ ಸಿರಿಂಜು ಚೀಲಕ್ಕೆ ಹಾಕಿಕೊಂಡು ತಂಗಿಯ ಅಂಗಡಿಗೆ ನಡೆದಳು.

"ಇದೇನಕ್ಕ, ಈ ಹೊತ್ತಲ್ಲಿ?"

"ತೋಳು ಕೊಡು."

ತಂಗಿ ಹೊಲಿಗೆ ಮಷೀನು ನಿಲ್ಲಿಸಲಿಲ್ಲ. "ತಲೆಯಲ್ಲಿರೋ ಕಾಯಿಲೆ ತೋಳಲ್ಲಿ ಸಿಗತ್ತಾ?"

ಅಕ್ಕ ನೆಲದ ಮೇಲಿನ ಬಟ್ಟೆ ಚೂರುಗಳ ನಡುವೆ ಮಂಡಿಯೂರಿದಳು. ಅವಳ ಮುಖ ನೋಡಿ ತಂಗಿ ಮಷೀನು ನಿಲ್ಲಿಸಿ ತೋಳು ಚಾಚಿದಳು. ಮೊದಲ ಸಲ ನರ ತಪ್ಪಿತು.

ತಂಗಿಗೂ ಐಜಿಎ ಇರಲಿಲ್ಲ. ಬೇರೆ ಜಾತಿಯ ಪ್ರತಿಕಾಯ ನೋಡುವ ಪರೀಕ್ಷೆಯ ಫಲಿತಾಂಶಕ್ಕೆ ಮೂರು ದಿನ ಬೇಕಾಯಿತು. ಗೋಧಿಯೇ ಅಂತ ಬಂತು. ಆಮೇಲೆ ಆಸ್ಪತ್ರೆಯಲ್ಲಿ ಹೊಟ್ಟೆಗೆ ಕ್ಯಾಮೆರಾ ಇಳಿಸಿ, ಕರುಳಿನ ಚೂರು ತೆಗೆದು ನೋಡಿ ಖಚಿತ ಮಾಡಿದರು.

"ಎರಡು ವರ್ಷ, ಅಕ್ಕ" ಅಂದಳು ತಂಗಿ.

"ಬೈದುಬಿಡು."

"ಬೈದರೆ ನಿನಗೆ ಹಗುರ ಆಗತ್ತೆ. ಅದಕ್ಕೇ ಬೈಯಲ್ಲ."

ಚಪಾತಿ, ಬ್ರೆಡ್ಡು, ಬಿಸ್ಕತ್ತು ಬಿಟ್ಟು ನಾಲ್ಕು ತಿಂಗಳಲ್ಲಿ ತಂಗಿಯ ಕೆನ್ನೆ ತುಂಬಿಕೊಂಡಿತು. ಅಕ್ಕನ ಜೊತೆ ಮಾತು ಮಾತ್ರ ಕತ್ತರಿಸಿಕೊಟ್ಟ ಹಾಗೆ, ಬೇಕಾದಷ್ಟೇ.

ಅಷ್ಟರಲ್ಲಿ ಅಕ್ಕ ಡಾಕ್ಟರನ್ನು ಒಪ್ಪಿಸಿ ಹಳೇ ರಿಪೋರ್ಟುಗಳನ್ನೆಲ್ಲ ಕೆದಕಿದ್ದಳು. ಐಜಿಎ ಎಷ್ಟಿದೆ ಅಂತ ನೋಡದೆಯೇ ಗೋಧಿ ಕಾಯಿಲೆ 'ಇಲ್ಲ' ಅಂತ ಬರೆದುಕೊಟ್ಟವು ಹನ್ನೊಂದು ಸಿಕ್ಕವು. ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಕೆಲವರು ಎತ್ತಲಿಲ್ಲ, ಒಬ್ಬರು ರೇಗಿದರು. ಏಳನೆಯವರು ಪೂರ್ತಿ ಕೇಳಿಸಿಕೊಂಡು, "ನನ್ನ ಹೊಟ್ಟೆ ಇನ್ನೂ ಹಾಗೇ ಇದೆ. ಇವತ್ತೇ ಬರಲಾ?" ಅಂದರು.